ಹಾರ್ಡ್ ಡಿಸ್ಕ್ ಹೋಯ್ತು ಅನ್ನುವ ಮುಂಚೆ

ಕರೆಂಟ್ ತಯಾರಿಸುವ ಸೂಪಾ ಅಣೆಕಟ್ಟು ಇರುವುದು ಜೋಯಿಡಾ ತಾಲೂಕಿನಲ್ಲೇ. ಆದರೂ ಮಳೆಗಾಲದಲ್ಲಿ ಜೋಯಿಡಾ, ದಾಂಡೇಲಿ ಕಡೆ ತಂತಿ ಮೇಲೆ ಮರ ಬಿದ್ದು ಕರೆಂಟ್ ಹೋಗುವುದು ಮಾಮೂಲು. ಹಳಿಯಾಳ, ಮುಂಡಗೋಡದಲ್ಲಿ ಮಳೆ ಅಷ್ಟಿಲ್ಲದಿದ್ದರೂ ಸಿಡಿಲಿಗೆ ಹೆದರಿ ಪ್ಲಗ್ ಕಿತ್ತಿಡುತ್ತಾರೆ. ಆಮೇಲೆ ಹಳೇ ಕಂಪ್ಯೂಟರ್ ಶುರುವಾಗದಿದ್ದರೆ ಒಂದೇ ತೀರ್ಪು: "ಹಾರ್ಡ್ ಡಿಸ್ಕ್ ಹೋಯ್ತು, ಹುಬ್ಬಳ್ಳಿಗೆ ಒಯ್ಯಬೇಕು." ಎಷ್ಟೋ ಸಲ ತಪ್ಪು ಡಿಸ್ಕಿನದ್ದಾಗಿರುವುದೇ ಇಲ್ಲ.

ಕಲ್ಪನೆ: ವಿಂಡೋಸ್ ಶುರುವಾಗದಿದ್ದರೆ ಡಿಸ್ಕ್ ಸತ್ತಂತೆ.
ಸತ್ಯ: ಮೊದಲು ಬಯೋಸ್‌ನಲ್ಲಿ ತಾರೀಖು ನೋಡಿ. ಅದು ವರ್ಷಗಟ್ಟಲೆ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್ 2032 ಸೆಲ್ ಮುಗಿದಿದೆ ಎಂದೇ ಲೆಕ್ಕ. ಪ್ಲಗ್ ಕಿತ್ತಿಟ್ಟ ದಿನಗಳಲ್ಲಿ ಸೆಟ್ಟಿಂಗ್‌ಗಳನ್ನು ಕಾಯುವುದು ಈ 3 ವೋಲ್ಟಿನ ಬಿಲ್ಲೆಯೇ. ಅದು ಸೋತರೆ ಎಎಚ್‌ಸಿಐ ಇದ್ದ ಸಾಟಾ ಮೋಡ್ ಐಡಿಇಗೆ ಮರಳಬಹುದು. ಆಗ ಡಿಸ್ಕ್ ಗಟ್ಟಿಯಿದ್ದರೂ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಸೆಲ್ ಬದಲಿಸಿ, ಮೋಡ್ ಮೊದಲಿನಂತೆ ಮಾಡಿ ನೋಡಿ.

ಕಲ್ಪನೆ: ಡಿಸ್ಕಿನೊಳಗೆ ತೇವ ಸೇರಿದೆ, ಬಿಚ್ಚಿ ಒರೆಸಿದರೆ, ಇಲ್ಲವೇ ಅಕ್ಕಿ ಡಬ್ಬಿಯಲ್ಲಿಟ್ಟರೆ ಸರಿಹೋಗುತ್ತದೆ.
ಸತ್ಯ: ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಮುಚ್ಚಳ ತೆಗೆದಾಗ ಕೂರುವ ಒಂದು ಧೂಳಿನ ಕಣ ಸಾಕು, ತಟ್ಟೆಗೆ ಗೀರು ಬೀಳಲು. ಮಳೆಗಾಲದ ತೇವಕ್ಕೆ ಕಿಲುಬು ಹಿಡಿಯುವುದು ಹೆಚ್ಚಾಗಿ ಹೊರಗಿನ ಕನೆಕ್ಟರುಗಳಿಗೆ. ಪ್ಲಗ್ ತೆಗೆದು, ಸಾಟಾ ಕೇಬಲ್ಲಿನ ಎರಡೂ ತುದಿ ಬಿಚ್ಚಿ ಮತ್ತೆ ಹಾಕಿ; ಬೇರೆ ಕೇಬಲ್, ಬೇರೆ ಪೋರ್ಟಿನಲ್ಲೂ ನೋಡಿ. ಒಂದೇ ಸಮನೆ 'ಟಕ್ ಟಕ್' ಸದ್ದು ಬರುತ್ತಿದ್ದರೆ ಮಾತ್ರ ಮತ್ತೆ ಮತ್ತೆ ಆನ್ ಮಾಡಬೇಡಿ. ಒಳಗಿನದು ಬೇಕೇ ಬೇಕೆಂದರೆ ಡೇಟಾ ರಿಕವರಿಯವರ ಕೈಗೆ ಕೊಡಿ.

ಕಲ್ಪನೆ: ಫಾರ್ಮ್ಯಾಟ್ ಮಾಡಿದರೆ ಬ್ಯಾಡ್ ಸೆಕ್ಟರ್ ಹೋಗುತ್ತದೆ.
ಸತ್ಯ: ತಟ್ಟೆಗಾದ ಗಾಯ ಫಾರ್ಮ್ಯಾಟಿಗೆ ವಾಸಿಯಾಗದು. ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದು ಸ್ಮಾರ್ಟ್ ಪಟ್ಟಿ ನೋಡಿ. 05 (ಕೆಟ್ಟದ್ದಕ್ಕೆ ಬದಲಿ ಕೊಟ್ಟ ಸೆಕ್ಟರುಗಳು), ಸಿ5 (ಓದಲಾಗದೆ ಬಾಕಿ ಉಳಿದವು) ದಿನೇ ದಿನೇ ಏರುತ್ತಿದ್ದರೆ ಫೈಲುಗಳನ್ನೆಲ್ಲ ಕೂಡಲೇ ಕಾಪಿ ಮಾಡಿಕೊಂಡು ಡಿಸ್ಕ್ ಬದಲಿಸಿ. ಸಿ7 ಒಂದೇ ಏರುತ್ತಿದ್ದರೆ ಅನುಮಾನ ಕೇಬಲ್ಲಿನ ಮೇಲಿರಲಿ.

ಕಲ್ಪನೆ: ಹಳೇ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹೊಂದುವುದಿಲ್ಲ.
ಸತ್ಯ: ಸಾಟಾ ಕನೆಕ್ಟರ್ ಇದ್ದರೆ ಸಾಟಾ ಎಸ್‌ಎಸ್‌ಡಿ ಹಾಕಬಹುದು. ಸಾಟಾ-2 ಪೋರ್ಟಿನಲ್ಲಿ ವೇಗ ಸೆಕೆಂಡಿಗೆ 300 ಎಂಬಿ ದಾಟದಿದ್ದರೂ, ಹೆಡ್ ಓಡಾಡಿ ಹುಡುಕುವ ಕೆಲಸ ತಪ್ಪುವುದರಿಂದ ಯಂತ್ರ ಚುರುಕಾಗುತ್ತದೆ. ಅಗಲ ಪಟ್ಟಿಯಂಥ ಕೇಬಲ್ಲಿನ ಐಡಿಇ ಬೋರ್ಡಿಗಾದರೆ ಅಡಾಪ್ಟರ್ ಬೇಕು. ಅಷ್ಟು ಹಳೆಯದಕ್ಕೆ ಹಾಕಿದ ದುಡ್ಡು ದಂಡ.

ಕಲ್ಪನೆ: ಹೊಸ ಡಿಸ್ಕಿಗೆ ಹಾಕುವಾಗ ಕನ್ನಡ ಫೈಲುಗಳು ಕೆಟ್ಟುಹೋದವು.
ಸತ್ಯ: ಫೈಲ್ ಕೆಟ್ಟಿಲ್ಲ, ಫಾಂಟ್ ಬಂದಿಲ್ಲ. ಯೂನಿಕೋಡ್ ರೂಢಿಯಾಗುವ ಮುಂಚೆ ನುಡಿ, ಬರಹದಲ್ಲಿ ಟೈಪ್ ಮಾಡಿದ ಠರಾವು, ಅರ್ಜಿ, ಪ್ರಶ್ನೆಪತ್ರಿಕೆಗಳು ಆಯಾ ಫಾಂಟ್ ಇದ್ದರಷ್ಟೇ ಕನ್ನಡವಾಗಿ ಕಾಣುತ್ತವೆ. ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹಳೇ ಡಿಸ್ಕಿನ ವಿಂಡೋಸ್ ಫೋಲ್ಡರಿನಲ್ಲಿರುವ ಫಾಂಟುಗಳನ್ನು ತಂದು ಹೊಸದರಲ್ಲಿ ಹಾಕಿಕೊಂಡರೆ ಮುಗಿಯಿತು. ಅದಕ್ಕೇ ಹಳೇ ಡಿಸ್ಕನ್ನು ಗುಜರಿಗೆ ಹಾಕುವ ಆತುರ ಬೇಡ. ಬೇಕಾದ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡುವ ತನಕ ಅದು ಕಪಾಟಿನಲ್ಲೇ ಇರಲಿ.