ಹಾಡು ಬರುತ್ತಾ? ಬೈನರಿ ಟ್ರೀ ತಿರುಗಿಸ್ತೀರಾ?

2020ರ ಜುಲೈನಲ್ಲಿ ಸೆಬಾಸ್ಟಿಯನ್ ರಾಮಿರೆಜ್ ಅನ್ನೋ ಪ್ರೋಗ್ರಾಮರ್ ಟ್ವಿಟರ್‌ನಲ್ಲಿ ಒಂದು ಸಂಗತಿ ಹಂಚಿಕೊಂಡರು. ಯಾವುದೋ ಕೆಲಸದ ಜಾಹೀರಾತಿನಲ್ಲಿ ಫಾಸ್ಟ್‌ಎಪಿಐ ಬಳಸಿ 4 ವರ್ಷಕ್ಕಿಂತ ಹೆಚ್ಚು ಅನುಭವ ಇರಬೇಕು ಅಂತಿತ್ತಂತೆ. ಅರ್ಜಿ ಹಾಕೋಕೆ ಅವರಿಗೆ ಅರ್ಹತೆ ಇಲ್ಲ, ಅವರ ಅನುಭವ ಒಂದೂವರೆ ವರ್ಷದ್ದು. ಫಾಸ್ಟ್‌ಎಪಿಐ ಹುಟ್ಟಿಸಿದವರೇ ಅವರು. ಅದು ಹುಟ್ಟಿ ಆಗಿದ್ದೇ ಅಷ್ಟು!

ನಮ್ಮ ಕಡೆ ಇಂಥದ್ದಕ್ಕೇನು ಬರವಿಲ್ಲ. ದಾವಣಗೆರೆಯಿಂದ ಬಿಇ ಮುಗಿಸಿ ಬಂದಿರೋ ನನ್ನ ಚಿಕ್ಕಮ್ಮನ ಮಗಳು ಬಿಟಿಎಂ ಲೇಔಟಿನ ಪಿಜಿಯಲ್ಲಿ ಕೂತು ಎಂಟು ತಿಂಗಳಿಂದ ಕೆಲಸ ಹುಡುಕ್ತಿದ್ದಾಳೆ. ಮೊನ್ನೆ ಒಂದು ಜಾಹೀರಾತು ಕಳಿಸಿದಳು: ‘ಫ್ರೆಶರ್ಸ್ ಬೇಕಾಗಿದ್ದಾರೆ, 2 ವರ್ಷ ಅನುಭವ ಕಡ್ಡಾಯ.’ ಕೆಳಗೆ ಅವಳದೇ ಪ್ರಶ್ನೆ, “ಅಣ್ಣಾ, ಹಂಗಾದ್ರೆ ಫ್ರೆಶರ್ ಅಂದ್ರೆ ಯಾರು?”

ಹತ್ತು ವರ್ಷದಿಂದ ಇದೇ ಕೆಲಸದಲ್ಲಿರೋ ನಾನು, ಆಗಾಗ ಇಂಟರ್ವ್ಯೂ ಕೂಡ ಮಾಡ್ತೀನಿ. ನನ್ನ ಹತ್ತಿರವೂ ಉತ್ತರ ಇರಲಿಲ್ಲ.

ಈ ಇಂಟರ್ವ್ಯೂ ಅನ್ನೋದು ಹಳೇ ಕಾಲದ ಹೆಣ್ಣು ನೋಡೋ ಶಾಸ್ತ್ರ ಇದ್ದಹಾಗೆ. ಉಪ್ಪಿಟ್ಟು, ಕೇಸರಿಬಾತ್ ತಿಂದು ‘ಹಾಡು ಬರುತ್ತಾ?’ ಅಂತ ಕೇಳೋರು. ಮದುವೆ ಆದ ಮೇಲೆ ಆ ಹುಡುಗಿಯನ್ನ ಯಾರೂ ಹಾಡು ಅಂದಿದ್ದಿಲ್ಲ. ನಮ್ಮಲ್ಲಿ ಆ ಹಾಡಿನ ಜಾಗದಲ್ಲಿ ಬೈನರಿ ಟ್ರೀ ಇದೆ. 2015ರಲ್ಲಿ ಮ್ಯಾಕ್ಸ್ ಹೋವೆಲ್ ಗೂಗಲ್ ಇಂಟರ್ವ್ಯೂಗೆ ಹೋಗಿ ಬಂದು ಇದನ್ನೇ ಹೇಳಿಕೊಂಡರು. ಮ್ಯಾಕ್ ಇಟ್ಟುಕೊಂಡಿರೋ ಪ್ರೋಗ್ರಾಮರ್‌ಗಳೆಲ್ಲ ಬಳಸೋ ಹೋಮ್‌ಬ್ರೂ ಅವರು ಬರೆದದ್ದು. ಆದರೆ ಬೋರ್ಡಿನ ಮೇಲೆ ಮರ ತಲೆಕೆಳಗು ಮಾಡೋಕೆ ಬರಲಿಲ್ಲ ಅಂತ ಕೆಲಸ ಸಿಗಲಿಲ್ಲ ಅಂತ ಅವರ ಸಿಟ್ಟು.

ಹಾಗಂತ ಪರೀಕ್ಷೆಯೇ ಬೇಡ ಅನ್ನೋದೂ ಸರಿಯಲ್ಲ. ಫಿಜ್‌ಬಜ್ ಗೊತ್ತಲ್ಲ, 1ರಿಂದ 100ರವರೆಗೆ ಎಣಿಸಬೇಕು, 3ರಿಂದ ಭಾಗವಾದರೆ ‘ಫಿಜ್’, 5ರಿಂದ ಆದರೆ ‘ಬಜ್’, ಎರಡರಿಂದಲೂ ಆದರೆ ಎರಡನ್ನೂ ಬರೆಯಬೇಕು. ಮಕ್ಕಳಾಟವೇ. ಕೋಡ್ ಬರೆಯೋಕೆ ಬರುತ್ತೋ ಇಲ್ಲವೋ ಅಂತ ಐದು ನಿಮಿಷದಲ್ಲಿ ತಿಳಿಯುತ್ತೆ, ಬಂದವರ ಮರ್ಯಾದೆಯೂ ಉಳಿಯುತ್ತೆ. ಅಷ್ಟು ಸಾಕು ಅನ್ನೋ ಪಕ್ಷ ನನ್ನದು.

ಯಾಕಂದ್ರೆ ದಿನದ ಕೆಲಸವೇ ಬೇರೆ. ವಿಮ್ ಅನ್ನೋ ಎಡಿಟರ್ 1991ರಿಂದ ಇದೆ. ಅದರೊಳಗೆ ಸಿಕ್ಕಿಬಿದ್ದರೆ ಹೊರಗೆ ಬರೋದು ಹೇಗೆ ಅನ್ನೋ ಪ್ರಶ್ನೆಯನ್ನ ಸ್ಟ್ಯಾಕ್ ಓವರ್‌ಫ್ಲೋನಲ್ಲಿ 2017ರ ಹೊತ್ತಿಗೇ 10 ಲಕ್ಷಕ್ಕೂ ಹೆಚ್ಚು ಸಲ ಜನ ತೆರೆದು ನೋಡಿದ್ದರು. ನಾವೆಲ್ಲ ಹುಡುಕಿಕೊಂಡೇ ಹೊಟ್ಟೆ ಹೊರೆಯೋರು. ಇನ್ನು ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಕೊಟ್ಟ ಗಿಟ್ ತೆರೆದರೆ ನಮ್ಮ ಜಾತಕವೇ ಅಲ್ಲಿದೆ: ‘ಫಿಕ್ಸ್’, ‘ಫೈನಲ್ ಫಿಕ್ಸ್’, ‘ಈ ಸಲ ನಿಜವಾಗ್ಲೂ ಫೈನಲ್’. ಶುಕ್ರವಾರ ಸಂಜೆಯವಾದರೆ ಬರೀ ಒಂದು ಚುಕ್ಕಿ.

ಅದಕ್ಕೇ ನಾನು ರೆಸ್ಯೂಮ್‌ಗಿಂತ ಮೊದಲು ಗಿಟ್ ನೋಡ್ತೀನಿ. ತಂಗಿಯದ್ದೂ ನೋಡಿದೆ. ಊರಲ್ಲಿ ಅಪ್ಪನ ಕಿರಾಣಿ ಅಂಗಡಿಗೆ ಉದ್ರಿ ಲೆಕ್ಕದ ಸಣ್ಣ ಆಪ್ ಮಾಡಿಕೊಟ್ಟಿದ್ದಾಳೆ. ಅದರಲ್ಲೊಂದು ಕಮಿಟ್: ‘ಒಂದೇ ಹೆಸರಿನ ಇಬ್ಬರ ಸಾಲ ಸೇರಿಹೋಗ್ತಿತ್ತು, ಅಪ್ಪ ಹೇಳಿದರು, ಸರಿಮಾಡಿದೆ.’ ಬಳಸೋರ ಮಾತು ಕೇಳಿ, ತಪ್ಪು ಹುಡುಕಿ, ಸರಿಮಾಡಿ, ಏನು ಮಾಡಿದೆ ಅಂತ ಬರೆದಿಟ್ಟಿದ್ದಾಳೆ. ಕೆಲಸ ಅಂದ್ರೆ ಇನ್ನೇನು? ರೆಸ್ಯೂಮಿನಲ್ಲಿ ಮಾತ್ರ ಅದರ ಸುಳಿವೇ ಇರಲಿಲ್ಲ. “ಕಿರಾಣಿ ಅಂಗಡಿದು ಅಂದ್ರೆ ನಗ್ತಾರೆ ಅಣ್ಣಾ” ಅಂದಳು. ಮೊದಲ ಸಾಲಿಗೇ ಹಾಕಿಸಿದೆ.

ಕಳೆದ ವಾರ ಒಂದು ಸಣ್ಣ ಕಂಪನಿಯಲ್ಲಿ ಅರ್ಧ ಗಂಟೆ ಅದರ ಬಗ್ಗೆಯೇ ಕೇಳಿದರಂತೆ, ಬಾಕಿ ತೀರಿಸದೆ ಊರು ಬಿಟ್ಟವರ ಲೆಕ್ಕ ಏನು ಮಾಡ್ತೀರಿ ಅಂತೆಲ್ಲ. ನಾಳೆ ಎಚ್‌ಆರ್ ರೌಂಡ್. ಈಗಷ್ಟೇ ಮೆಸೇಜ್ ಬಂತು: “ಐದು ವರ್ಷ ಆದ್ಮೇಲೆ ಎಲ್ಲಿರ್ತೀರಿ ಅಂತ ಕೇಳಿದ್ರೆ ಏನ್ ಹೇಳ್ಲಿ ಅಣ್ಣಾ? ಮುಂದಿನ ತಿಂಗಳು ಈ ಪಿಜಿಯಲ್ಲಿ ಇರ್ತೀನಾ ಅನ್ನೋದೇ ಗೊತ್ತಿಲ್ಲ.”