ಮುಳ್ಳಿನ ಸಣ್ಣ ದನಿಗೆ ತಕ್ಕ ಪೆಟ್ಟಿಗೆ

ಹೊಸ ಟರ್ನ್‌ಟೇಬಲ್ ಮನೆಗೆ ಬರುತ್ತದೆ. ಅದರ ವೈರನ್ನು ಆಂಪ್ಲಿಫೈಯರ್‌ನ ಆಕ್ಸ್ ಸಾಕೆಟ್ಟಿಗೆ ಸಿಕ್ಕಿಸಿ, ಕಚೇರಿಯೊಂದರ ಎಲ್‌ಪಿ ಹಾಕಿ ಮುಳ್ಳು ಇಳಿಸಿದರೆ ಹಾಡು ಪಕ್ಕದ ಬೀದಿಯಿಂದ ಬಂದಂತೆ ಕೀರಲಾಗಿ ಕೇಳುತ್ತದೆ. ಮೃದಂಗದ ಬಲಮುಚ್ಚಿಗೆ ಟಿಕ್ ಟಿಕ್ ಎನ್ನುತ್ತದೆ, ಎಡಮುಚ್ಚಿಗೆಯ ಗುಂಕಾರದ ಸುಳಿವೇ ಇಲ್ಲ. ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಅಷ್ಟೇ. ಯಂತ್ರ ಕೆಟ್ಟಿಲ್ಲ, ನಡುವೆ ಇರಬೇಕಾದ ಫೋನೋ ಪ್ರೀಆಂಪ್ ಇಲ್ಲ.

ಈ ಪುಟ್ಟ ಪೆಟ್ಟಿಗೆಗೆ ಎರಡು ಕೆಲಸ. ಮೊದಲನೆಯದು ದನಿಯನ್ನು ಹಿಗ್ಗಿಸುವುದು. ಮುಳ್ಳನ್ನು ಹಿಡಿದಿರುವ ಕಾರ್ಟ್ರಿಡ್ಜ್‌ನಿಂದ ಹೊರಡುವುದು ನಾಲ್ಕೈದು ಮಿಲಿವೋಲ್ಟ್ ಮಾತ್ರ. ಆಂಪ್ಲಿಫೈಯರ್‌ಗೆ ಅದರ ನೂರು ಪಟ್ಟಾದರೂ ಬೇಕು. ಎರಡನೆಯದು, ರೆಕಾರ್ಡ್ ಕೊರೆಯುವಾಗ ಬೇಕೆಂದೇ ಮಾಡಿದ ಏರುಪೇರನ್ನು ಸರಿಪಡಿಸುವುದು. ಮಂದ್ರದ ದನಿಯನ್ನು ಇದ್ದಂತೆಯೇ ಕೊರೆದರೆ ಗೆರೆ ಅತ್ತಿತ್ತ ಬಹಳ ಅಗಲಕ್ಕೆ ಓಲಾಡುತ್ತದೆ. ಒಂದು ಬದಿಯಲ್ಲಿ ಹಿಡಿಸುವ ಹಾಡು ಕಡಿಮೆಯಾಗುತ್ತದೆ, ಮುಳ್ಳು ಹಾರುತ್ತದೆ. ಅದಕ್ಕೇ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಎತ್ತಿರುತ್ತಾರೆ. ನುಡಿಸುವಾಗ ತಾರವನ್ನು ಮತ್ತೆ ಇಳಿಸಿದರೆ ರೆಕಾರ್ಡಿನ ಮೈಯ ಸರಬರ ಸದ್ದೂ ಅದರ ಜೊತೆ ಇಳಿಯುತ್ತದೆ. 1954ರ ಹೊತ್ತಿಗೆ ಅಮೆರಿಕದ ರೆಕಾರ್ಡ್ ಉದ್ಯಮ ಒಪ್ಪಿಕೊಂಡ ಆರ್‌ಐಎಎ ಕರ್ವ್ ಎಂದರೆ ಈ ಏರಿಳಿತದ ಲೆಕ್ಕ. 1 ಕಿಲೋಹರ್ಟ್ಸ್‌ಗೆ ಹೋಲಿಸಿದರೆ ಪ್ರೀಆಂಪ್ 20 ಹರ್ಟ್ಸ್‌ನ ದನಿಯನ್ನು ಸುಮಾರು ಒಂಬತ್ತು ಪಟ್ಟು ಎತ್ತಬೇಕು, 20 ಕಿಲೋಹರ್ಟ್ಸ್‌ನದನ್ನು ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಇಳಿಸಬೇಕು.

ಕೊಳ್ಳುವ ಮುನ್ನ ನಿಮ್ಮಲ್ಲಿ ಈಗಾಗಲೇ ಒಂದು ಇದೆಯೇ ನೋಡಿ. ಹಳೆಯ ಆಂಪ್ಲಿಫೈಯರ್‌ಗಳ ಹಿಂದೆ 'ಫೋನೋ' ಎಂದು ಬರೆದ ಸಾಕೆಟ್ ಇದ್ದರೆ ಅದು ಒಳಗೇ ಇದೆ. ಆಡಿಯೋ ಟೆಕ್ನಿಕಾದ ಎಲ್‌ಪಿ120ಎಕ್ಸ್‌ನಂಥ ಟರ್ನ್‌ಟೇಬಲ್‌ಗಳಲ್ಲೂ ಇರುತ್ತದೆ. ಹಿಂಬದಿಯ ಸ್ವಿಚ್ಚು 'ಲೈನ್' ಕಡೆಗಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ಸ್ವಿಚ್ಚನ್ನು ಹಾಗೇ ಬಿಟ್ಟು ಆಂಪ್ಲಿಫೈಯರ್‌ನ ಫೋನೋ ಸಾಕೆಟ್ಟಿಗೂ ಜೋಡಿಸಿದರೆ ಎರಡೆರಡು ಸಲ ತಿದ್ದಿದಂತಾಗಿ ದನಿ ಗವ್ವೆಂದು ಒಡೆಯುತ್ತದೆ.

ಇನ್ನು ಆಯ್ಕೆ. ಪ್ರೀಆಂಪ್‌ನ ಬೆಲೆ, ಹೆಸರು ನೋಡುವ ಮುಂಚೆ ನಿಮ್ಮ ಕಾರ್ಟ್ರಿಡ್ಜ್‌ನ ಚೀಟಿ ಓದಿ. ಇದೊಂದು ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಮೇಲೆ ಹೇಳಿದ ಟರ್ನ್‌ಟೇಬಲ್‌ನಲ್ಲಿ ಬರುವ ವಿಎಂ95ಇ ಕಾರ್ಟ್ರಿಡ್ಜನ್ನೇ ತೆಗೆದುಕೊಳ್ಳಿ: ಔಟ್‌ಪುಟ್ 4 ಮಿಲಿವೋಲ್ಟ್, ಲೋಡ್ 47 ಕಿಲೋಓಮ್, ಕೆಪಾಸಿಟನ್ಸ್ 100ರಿಂದ 200 ಪಿಕೋಫ್ಯಾರಡ್. 47 ಕಿಲೋಓಮ್ ಬಹುತೇಕ ಎಲ್ಲ ಎಂಎಂ (ಮೂವಿಂಗ್ ಮ್ಯಾಗ್ನೆಟ್) ಪ್ರೀಆಂಪ್‌ಗಳಲ್ಲೂ ಇರುತ್ತದೆ, ಅದರ ಚಿಂತೆ ಬೇಡ. ಬಹಳ ಜನ ಗಮನಿಸದೆ ಬಿಡುವುದು ಕೆಪಾಸಿಟನ್ಸನ್ನು. ಟರ್ನ್‌ಟೇಬಲ್‌ನಿಂದ ಹೊರಡುವ ವೈರಿನದು, ಪ್ರೀಆಂಪ್ ಒಳಗಿನದು ಎರಡೂ ಕೂಡಿಕೊಳ್ಳುತ್ತವೆ. ವೈರಿನದು 150, ಪೆಟ್ಟಿಗೆಯದು 220 ಇದ್ದರೆ ಒಟ್ಟು 370. ಕಾರ್ಟ್ರಿಡ್ಜ್‌ನ ಸುರುಳಿಯ ಇಂಡಕ್ಟನ್ಸ್ 550 ಮಿಲಿಹೆನ್ರಿ. ಎರಡೂ ಸೇರಿ ಸುಮಾರು 11 ಕಿಲೋಹರ್ಟ್ಸ್‌ನಲ್ಲಿ ಅನುರಣಿಸುತ್ತವೆ. ಅಲ್ಲಿ ದನಿ ಉಬ್ಬುತ್ತದೆ, ಮುಂದೆ ಥಟ್ಟನೆ ಬೀಳುತ್ತದೆ. ತಾಳದ ಝೇಂಕಾರ, ಹಾಡುವವರ 'ಸ'ಕಾರ ಕಿವಿಗೆ ಚುಚ್ಚುವುದು ಇದರಿಂದಲೇ. ಒಟ್ಟು 150ರಲ್ಲಿ ನಿಲ್ಲಿಸಿದರೆ ಆ ಉಬ್ಬು 17 ಕಿಲೋಹರ್ಟ್ಸ್ ದಾಟಿ ಹೋಗುತ್ತದೆ. ಆದ್ದರಿಂದ ಗಿಡ್ಡ ವೈರು, ಕೆಪಾಸಿಟನ್ಸ್ ಬದಲಿಸಬಹುದಾದ ಅಥವಾ ಮೊದಲೇ ಕಡಿಮೆ ಇರುವ ಪ್ರೀಆಂಪ್. ಆರ್ಟೋಫಾನ್‌ನ 2ಎಂ ಸರಣಿಗೆ 150ರಿಂದ 300 ನಡೆಯುತ್ತದೆ. ಒಬ್ಬರ ಮನೆಯಲ್ಲಿ ಸೊಗಸಾಗಿ ನುಡಿದ ಪೆಟ್ಟಿಗೆ ಇನ್ನೊಬ್ಬರ ಮನೆಯಲ್ಲಿ ಕಿರುಚಲು ಇಂಥ ವ್ಯತ್ಯಾಸವೂ ಕಾರಣ.

ಗೇನ್ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ತಿಳಿಯುವವರಿದ್ದಾರೆ. 4 ಮಿಲಿವೋಲ್ಟನ್ನು 40 ಡೆಸಿಬೆಲ್, ಅಂದರೆ ನೂರು ಪಟ್ಟು ಹಿಗ್ಗಿಸಿದರೆ 0.4 ವೋಲ್ಟ್, ದನಿ ಐದು ಪಟ್ಟು ಏರಿದರೂ 2 ವೋಲ್ಟ್. ಅದನ್ನೇ 60 ಡೆಸಿಬೆಲ್‌ಗೆ ಇಟ್ಟರೆ ಲೆಕ್ಕ 20 ವೋಲ್ಟ್‌ಗೆ ಹೋಗುತ್ತದೆ. ಸಾಮಾನ್ಯ ಪೆಟ್ಟಿಗೆ ಅಷ್ಟು ಕೊಡಲಾರದೆ ದನಿಯ ತುದಿಯನ್ನು ಕತ್ತರಿಸಿಬಿಡುತ್ತದೆ. ಗೀರು ಬಿದ್ದ ಹಳೆಯ ರೆಕಾರ್ಡಿನ ಟಪ್ ಟಪ್ ಸದ್ದು ಆಗ ಇನ್ನಷ್ಟು ಎದ್ದು ಕೇಳುತ್ತದೆ. ಇನ್‌ಪುಟ್ ಎಷ್ಟು ತಡೆಯುತ್ತದೆ ಎಂಬ ಅಂಕಿ 1 ಕಿಲೋಹರ್ಟ್ಸ್‌ನಲ್ಲಿ 40 ಮಿಲಿವೋಲ್ಟ್‌ಗಿಂತ ಕೆಳಗಿದ್ದರೆ ನಾನು ಆ ಪ್ರೀಆಂಪ್ ಕೊಳ್ಳುವುದಿಲ್ಲ.

ಗುಂಯ್ ಎನ್ನುವ ಸದ್ದಿನ ಬಗ್ಗೆ ಹೇಳಲೇಬೇಕು. ನಮ್ಮ ಕರೆಂಟು 50 ಹರ್ಟ್ಸ್‌ನದು. ಅದು ಮತ್ತು ಅದರ 100 ಹರ್ಟ್ಸ್‌ನ ಛಾಯೆ ತಂಬೂರಿಯ ಪಕ್ಕ ಬೇಡದ ಇನ್ನೊಂದು ಶ್ರುತಿಯಂತೆ ಕೂತುಬಿಡುತ್ತವೆ. ಪ್ರೀಆಂಪ್ ಮಂದ್ರವನ್ನು ಎತ್ತುವುದರಿಂದ ಇದನ್ನೂ ಎತ್ತುತ್ತದೆ. ಟರ್ನ್‌ಟೇಬಲ್‌ನ ತೆಳು ಅರ್ಥಿಂಗ್ ವೈರನ್ನು ಪ್ರೀಆಂಪ್‌ನ ತಿರುಪಿಗೆ ಬಿಗಿಯಿರಿ. ಮನೆಯ ಪ್ಲಗ್ ಪಾಯಿಂಟಿನಲ್ಲಿ ಅರ್ಥ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ನೋಡಿಸಿ. ಪ್ರೀಆಂಪನ್ನು ಆಂಪ್ಲಿಫೈಯರ್‌ನ ತಲೆಯ ಮೇಲೆ ಇಡಬೇಡಿ. ನಾನು ಹಾಗಿಟ್ಟು ತಿಂಗಳುಗಟ್ಟಲೆ ವೈರುಗಳನ್ನು ಬದಲಿಸುತ್ತ ಕೂತಿದ್ದೆ. ಎರಡು ಅಡಿ ಪಕ್ಕಕ್ಕೆ ಸರಿಸಿದ ದಿನ ಸದ್ದು ನಿಂತಿತು, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಅಷ್ಟು ಹತ್ತಿರವಿತ್ತು.

ಮೇಲ್ದರ್ಜೆಗೆ ಏರಿಸುವ ಆಸೆಯಿದ್ದರೆ ಹಣ ಮೊದಲು ಮುಳ್ಳಿಗೆ ಹೋಗಲಿ. ವಿಎಂ95 ಸರಣಿಯಲ್ಲಿ ಮುಳ್ಳನ್ನಷ್ಟೇ ಕಿತ್ತು ಮೈಕ್ರೋಲೈನ್ ಮುಳ್ಳು ಹಾಕಬಹುದು. ರೆಕಾರ್ಡಿನ ಒಳಗೆರೆಗಳ ಕರಕರ ಕಡಿಮೆಯಾಗುವುದು ಅದರಿಂದ. ಒಳ್ಳೆಯ ಪ್ರೀಆಂಪ್ ಕೊಡುವುದು ಹಾಡುಗಳ ನಡುವಿನ ನಿಶ್ಶಬ್ದ, ನಿಖರವಾದ ಆರ್‌ಐಎಎ, ಮತ್ತು ಡೊಂಕಾದ ರೆಕಾರ್ಡಿನಲ್ಲಿ ಸ್ಪೀಕರ್ ಕೋನ್ ಸುಮ್ಮನೆ ಓಲಾಡದಂತೆ ತಡೆಯುವ ಸಬ್‌ಸಾನಿಕ್ ಫಿಲ್ಟರ್.

ಎಂಸಿ (ಮೂವಿಂಗ್ ಕಾಯಿಲ್) ಕಾರ್ಟ್ರಿಡ್ಜ್‌ಗೆ ಹೋದರೆ ಮಾತ್ರ ಪ್ರೀಆಂಪ್ ಬದಲಿಸುವುದು ಅನಿವಾರ್ಯವಾಗಬಹುದು. 1960ರ ದಶಕದಿಂದ ಬರುತ್ತಿರುವ ಡೆನಾನ್ ಡಿಎಲ್‌-103 ಕೊಡುವುದು 0.3 ಮಿಲಿವೋಲ್ಟ್. ಅದಕ್ಕೆ 60 ಡೆಸಿಬೆಲ್ ಗೇನ್, ನೂರು ಓಮ್ ಅಥವಾ ಹೆಚ್ಚಿನ ಲೋಡ್ ಬೇಕು. ಇರುವ ಎಂಎಂ ಪ್ರೀಆಂಪ್ ಇಷ್ಟವಾಗಿದ್ದರೆ ಅದರ ಮುಂದೆ 1:10ರ ಸ್ಟೆಪ್‌ಅಪ್ ಟ್ರಾನ್ಸ್‌ಫಾರ್ಮರ್ ಇಡಬಹುದು. ಆಗ 47 ಕಿಲೋಓಮ್ ಕಾರ್ಟ್ರಿಡ್ಜ್‌ಗೆ 470 ಓಮ್ ಆಗಿ ಕಾಣುತ್ತದೆ, ಗೇನ್ 20 ಡೆಸಿಬೆಲ್ ಏರುತ್ತದೆ.

ಅಜ್ಜನ ಕಾಲದ ರಂಗಗೀತೆಗಳ 78 ಆರ್‌ಪಿಎಂ ತಟ್ಟೆಗಳು ಮನೆಯಲ್ಲಿದ್ದರೆ ಅವುಗಳ ಲೆಕ್ಕವೇ ಬೇರೆ. 1954ಕ್ಕಿಂತ ಮುಂಚೆ ಒಂದೊಂದು ಕಂಪನಿ ಒಂದೊಂದು ರೀತಿ ಕೊರೆಯುತ್ತಿತ್ತು; 1925ರವರೆಗೆ ಕೊಂಬಿನೆದುರು ಹಾಡಿಸಿ ಕೊರೆದವುಗಳಲ್ಲಿ ಇಂಥ ತಿದ್ದುಪಡಿಯೇ ಇರಲಿಲ್ಲ. ಆರ್‌ಐಎಎ ಮೂಲಕ ನುಡಿಸಿದರೆ ತಾರ ಅತಿಯಾಗಿ ಮಂಕಾಗಬಹುದು. ಅವುಗಳಿಗೆ 3 ಮಿಲ್‌ನ ದಪ್ಪ ಮುಳ್ಳು, ಕರ್ವ್ ಬದಲಿಸಬಹುದಾದ ಪ್ರೀಆಂಪ್, ಸಾಧ್ಯವಾದರೆ ಮೋನೋ ಸ್ವಿಚ್ಚು ಇರುವುದನ್ನೇ ಕೇಳಿ ತನ್ನಿ.