ಕಮಲ ಪಾಸು, ಕಮಲಾ ನಪಾಸು

ಅಂತರ್ಜಾಲದ ಅರ್ಜಿ ನಮೂನೆಯೊಂದರಲ್ಲಿ ‘ಕೃಷ್ಣ’ ಎಂದು ಕನ್ನಡದಲ್ಲೇ ಟೈಪ್ ಮಾಡುತ್ತೀರಿ. ಪೆಟ್ಟಿಗೆಯ ಅಂಚು ತಟ್ಟನೆ ಕೆಂಪಾಗುತ್ತದೆ: ‘ಸರಿಯಾದ ಹೆಸರು ನಮೂದಿಸಿ’. ಹೆಸರೇನೋ ಸರಿಯಾಗಿಯೇ ಇದೆ; ತಪ್ಪಿರುವುದು ಅದನ್ನು ಪರೀಕ್ಷಿಸಿದ ನಾಲ್ಕಾರು ಸಾಲಿನ ಕೋಡ್‌ನಲ್ಲಿ.

ಆ ಕೋಡ್‌ಗೆ ವ್ಯಾಲಿಡೇಟರ್ ಎನ್ನುತ್ತಾರೆ. ಗೂಗಲ್‌ನ ಆ್ಯಂಗ್ಯುಲರ್‌ನಂಥ ಜಾವಾಸ್ಕ್ರಿಪ್ಟ್ ಫ್ರೇಮ್‌ವರ್ಕ್‌ಗಳಲ್ಲಿ ಕೆಲವು ವ್ಯಾಲಿಡೇಟರ್‌ಗಳು ಸಿದ್ಧವಾಗಿಯೇ ಸಿಗುತ್ತವೆ: ಖಾಲಿ ಬಿಟ್ಟಿದ್ದಾರೆಯೇ, ಕನಿಷ್ಠ ಉದ್ದವಿದೆಯೇ, ಇಮೇಲ್ ವಿಳಾಸದಂತೆ ಕಾಣುತ್ತದೆಯೇ ಎಂದು ನೋಡಲು. ಮಿಕ್ಕದ್ದನ್ನು ನಾವೇ ಬರೆದುಕೊಳ್ಳಬೇಕು. ಪೆಟ್ಟಿಗೆಯಲ್ಲಿರುವುದನ್ನು ನೋಡಿ, ಸರಿಯಿದ್ದರೆ ‘ನಲ್’ ಎಂದೂ ಇಲ್ಲವಾದರೆ ದೋಷದ ವಿವರವನ್ನೂ ಹಿಂತಿರುಗಿಸುವ ಒಂದು ಫಂಕ್ಷನ್, ಅಷ್ಟೇ. ಕಷ್ಟವಿರುವುದು ‘ಸರಿ’ ಯಾವುದು ಎಂದು ತೀರ್ಮಾನಿಸುವುದರಲ್ಲಿ.

ಆಧಾರ್ ಸಂಖ್ಯೆಯ ವಿಷಯದಲ್ಲಿ ಈ ತೀರ್ಮಾನವನ್ನು ಗಣಿತವೇ ಮಾಡಿಬಿಟ್ಟಿದೆ. ಅದರ 12 ಅಂಕಿಗಳಲ್ಲಿ ಕೊನೆಯದು ತಾಳೆ ನೋಡುವ ಅಂಕಿ. ಡಚ್ ಗಣಿತಜ್ಞ ಯಾಕೋಬಸ್ ವರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನದಿಂದ, ಮೊದಲ 11 ಅಂಕಿಗಳನ್ನು ಆಧರಿಸಿ ಅದು ಹುಟ್ಟುತ್ತದೆ. ಅವರ ಲೆಕ್ಕದಲ್ಲಿ 3ಕ್ಕೆ 7 ಸೇರಿಸುವುದೂ 7ಕ್ಕೆ 3 ಸೇರಿಸುವುದೂ ಬೇರೆ ಬೇರೆ ಉತ್ತರ ಕೊಡುತ್ತವೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಈ ವಿಧಾನ ಹಿಡಿದುಹಾಕುತ್ತದೆ. ಆ ಸಂಖ್ಯೆ ನಿಮ್ಮದೇ ಹೌದೋ ಅಲ್ಲವೋ ಎಂಬುದು ಅದಕ್ಕೆ ತಿಳಿಯದು. ಆದರೆ ಟೈಪಿಂಗ್ ತಪ್ಪನ್ನು ಸ್ಥಳದಲ್ಲೇ ತಿಳಿಸಲು ಅಷ್ಟು ಸಾಕು. ಇಲ್ಲಿ ವ್ಯಾಲಿಡೇಟರ್ ಎಷ್ಟು ಬಿಗಿಯಾಗಿದ್ದರೂ ಒಳ್ಳೆಯದೇ.

ಹೆಸರಿಗೆ ಅಂಥ ಗಣಿತವಿಲ್ಲ. ಇಂಗ್ಲಿಷಿನ 26 ಅಕ್ಷರಗಳನ್ನು ಮಾತ್ರ ಒಪ್ಪುವ ನಿಯಮದ ದೋಷ ಎಲ್ಲರಿಗೂ ಕಾಣುತ್ತದೆ. ‘ಯಾವ ಭಾಷೆಯ ಅಕ್ಷರವಾದರೂ ಸರಿ’ ಎಂಬ ಉದಾರ ನಿಯಮದಲ್ಲೂ ಕನ್ನಡಿಗರಿಗೆ ತೊಡಕು ಉಳಿದಿದೆ ಎಂಬುದು ಮಾತ್ರ ಸುಲಭವಾಗಿ ಕಾಣುವುದಿಲ್ಲ. ಯೂನಿಕೋಡ್ ಸಂಕೇತಗಳಿಗೆ ವರ್ಗಗಳಿವೆ, ಮತ್ತು ಜಾವಾಸ್ಕ್ರಿಪ್ಟ್ 2018ರ ಆವೃತ್ತಿಯಿಂದ ಆ ವರ್ಗಗಳನ್ನು ನೇರವಾಗಿ ಕೇಳಬಲ್ಲದು. ‘ಕೃಷ್ಣ’ ಎಂಬುದು ಕಂಪ್ಯೂಟರಿಗೆ ಐದು ಸಂಕೇತ: ಕ, ವಟ್ರಸುಳಿ, ಷ, ಹಲಂತ (್), ಣ. ಇವುಗಳಲ್ಲಿ ಕ, ಷ, ಣ ಮಾತ್ರ ‘ಅಕ್ಷರ’ ವರ್ಗದವು. ಉಳಿದೆರಡೂ ‘ಚಿಹ್ನೆ’ ವರ್ಗದವು. ಅಕ್ಷರ ವರ್ಗವನ್ನಷ್ಟೇ ಒಪ್ಪುವ ನಿಯಮ ವಟ್ರಸುಳಿಯ ಬಳಿಯೇ ಮುಗ್ಗರಿಸುತ್ತದೆ. ‘ಕಮಲ’ ಪಾಸಾಗುತ್ತದೆ, ‘ಕಮಲಾ’ ಆಗುವುದಿಲ್ಲ. ‘ಭರತ’ ಎಂದೋ ‘ಗಗನ’ ಎಂದೋ ಹಾಕಿ ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿದೆ ಎಂದೇ ತೋರುತ್ತದೆ!

ಚಿಹ್ನೆ ವರ್ಗವನ್ನೂ ಸೇರಿಸಿದರೆ ಕೃಷ್ಣನ ತೊಂದರೆ ತೀರುತ್ತದೆ, ಆದರೆ ‘ರಾಜ್‌ಕುಮಾರ್’ ಇನ್ನೂ ಹೊರಗೆ. ಜ್ ಮತ್ತು ಕು ಒತ್ತಕ್ಷರವಾಗಿ ಬೆಸೆಯದಿರಲಿ ಎಂದು ಅವುಗಳ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಕೇತ ಕುಳಿತಿರುತ್ತದೆ. ಅದು ಅಕ್ಷರವೂ ಅಲ್ಲ, ಚಿಹ್ನೆಯೂ ಅಲ್ಲ, ಮೂರನೆಯದೇ ಒಂದು ವರ್ಗ. ಅದನ್ನೂ ಅದರ ಜೋಡಿಯಾದ ಬೆಸೆಯುವ ಸಂಕೇತವನ್ನೂ ಹೆಸರಿಸಿಯೇ ಒಳಗೆ ಬಿಡಬೇಕು. ಇನಿಷಿಯಲ್‌ಗಳಿಗಾಗಿ ಚುಕ್ಕಿ ಮತ್ತು ಖಾಲಿ ಜಾಗವನ್ನೂ ಮರೆಯುವಂತಿಲ್ಲ.

ಬ್ರೌಸರಿನಲ್ಲಿ ನಡೆಯುವ ಈ ಪರೀಕ್ಷೆ ಬಳಕೆದಾರರ ಅನುಕೂಲಕ್ಕೆ ಮಾತ್ರ. ಅದನ್ನು ದಾಟಿ ಮಾಹಿತಿ ಕಳಿಸುವುದು ಸುಲಭವಾದ್ದರಿಂದ ಸರ್ವರ್‌ನಲ್ಲೂ ಅದೇ ನಿಯಮ ಇರಬೇಕು. ಅಲ್ಲಿ ಬೇರೆ ನಿಯಮವಿದ್ದರೆ ಇಲ್ಲಿ ಪಾಸಾದ ಹೆಸರು ಅಲ್ಲಿ ತಿರಸ್ಕೃತವಾಗುತ್ತದೆ.

ಇನ್ನು ‘ಸರ್‌ನೇಮ್ ಕಡ್ಡಾಯ’ ಎಂಬ ನಿಯಮ. ಕುವೆಂಪು ಅವರ ಪೂರ್ಣ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಅವರ ಸ್ವಂತ ಹೆಸರು ಬರುವುದು ಕೊನೆಯಲ್ಲಿ. ಇದರಲ್ಲಿ ಸರ್‌ನೇಮ್ ಯಾವುದು? ಒಂದೇ ಹೆಸರಿರುವವರು ಆ ಪೆಟ್ಟಿಗೆಯಲ್ಲಿ ಚುಕ್ಕಿ ಹಾಕುತ್ತಾರೆ, ಇಲ್ಲವೇ ಅದೇ ಹೆಸರನ್ನು ಮತ್ತೊಮ್ಮೆ ಬರೆಯುತ್ತಾರೆ. ಹಾಗೆ ಸುಳ್ಳು ಮಾಹಿತಿಯನ್ನು ತುಂಬಿಸಿದ್ದು ಆ ನಿಯಮವೇ. ‘ನಿಮ್ಮ ಪೂರ್ತಿ ಹೆಸರು’ ಎಂಬ ಒಂದೇ ಪೆಟ್ಟಿಗೆ ಇಟ್ಟು, ಅದು ಖಾಲಿ ಇರಬಾರದು ಎಂದಷ್ಟೇ ಕೇಳಿದರೆ ಹೆಚ್ಚಿನ ಅರ್ಜಿಗಳಿಗೆ ಸಾಕು.